ಚಿಕ್ಕ ಕ್ಲಾಸು, ಜಾಸ್ತಿ ಚಾರ್ಟು

ಶ್ರೀರಾಮಪುರದ ನಮ್ಮ ಕ್ಲಾಸಿನಲ್ಲಿ ಒಂದು ಗೋಡೆ ತುಂಬ ಕಿಟಕಿ, ಇನ್ನೊಂದಕ್ಕೆ ಬೀರು. ಅದಕ್ಕೇ ಈ ವಾರದ ಪಾಠದ ಚಾರ್ಟ್ ಮಾತ್ರ ಗೋಡೆಗೆ, ಅದೂ ಮಕ್ಕಳ ಕಣ್ಣಿನ ಮಟ್ಟಕ್ಕೆ. ಹಗುರವಾದವನ್ನು ನಲಿ-ಕಲಿ (ಸರ್ಕಾರಿ ಶಾಲೆಗಳ ಚಟುವಟಿಕೆ ಕಲಿಕೆ) ಕ್ಲಾಸಿನ ಚಪ್ಪರದ ಹಾಗೆ ತಲೆ ಮೇಲೆ ದಾರ ಕಟ್ಟಿ ಕ್ಲಿಪ್ಪಿನಲ್ಲಿ ನೇತುಹಾಕಿ. ಫ್ಯಾನಿನಿಂದ ದೂರ ಇರಲಿ, ಇಲ್ಲದಿದ್ದರೆ ಇಡೀ ದಿನ ಪಟಪಟ.

ಗೋಡೆಗೆ ಟೇಪ್ ಬೇಡವೇ ಬೇಡ. ಕೀಳುವಾಗ ಸುಣ್ಣವೂ ಬರುತ್ತೆ, ಚಾರ್ಟಿನ ಮೂಲೆಯೂ ಹರಿಯುತ್ತೆ.

ಎತ್ತಿಡುವಾಗ ಚಿತ್ರ ಹೊರಗೆ ಬರುವಂತೆ ಸುತ್ತಿ. ಮುಂದೆ ನೇತುಹಾಕಿದಾಗ ಅಂಚು ಗೋಡೆ ಕಡೆಗೇ ಬಾಗುತ್ತೆ, ಮುಂದಕ್ಕೆ ಸುರುಳಿಯಾಗಲ್ಲ. ಎ1 ಚಾರ್ಟಿನ ಅಗಲ 59.4 ಸೆಂ.ಮೀ., ಎರಡಡಿಯ ಪಿವಿಸಿ ಪೈಪ್ ತುಂಡು ಸರಿಹೋಗುತ್ತೆ. ಪೈಪಿನ ಬಾಯಿಗೆ ಪಾಠದ ಹೆಸರು ಬರೆದು ಬೀರಿನ ಮೇಲೆ ಮಲಗಿಸಿ. ಮಳೆಗಾಲದಲ್ಲಿ ಥಂಡಿ ಹಿಡಿಯುವ ಗೋಡೆಗೆ ತಾಗಿಸಬೇಡಿ.