ದವನ: ಹೆಸರು ಸರಿ ಹಿಡಿದರೆ ಗಿಡವೂ ಸರಿ ಸಿಗುತ್ತದೆ

ಅಂಗಡಿಯಲ್ಲಿ ದವನ ಕೇಳಿದರೆ ಮರುಗ ಕೈಗೆ ಬರುವುದುಂಟು. ಇದಕ್ಕೆ ಹೆಸರುಗಳ ಗೋಜಲೇ ಕಾರಣ. ತಮಿಳಿನಲ್ಲಿ ದವನಕ್ಕೆ ‘ಮರಿಕೊಳುಂದು’ ಅನ್ನುತ್ತಾರೆ, ಮರುಗಕ್ಕೆ ‘ಮರು’. ಗಡಿ ಆಚೆಯಿಂದ ಬೀಜ ತರಿಸುವಾಗ ಮೊದಲನೆಯ ಹೆಸರನ್ನೇ ಹೇಳಿ. ಹಿಂದಿಯವರ ‘ದೌನಾ’, ಮರಾಠಿಯವರ ‘ದವಣಾ’ ಎರಡೂ ನಮ್ಮ ದವನವೇ.

ಇವಕ್ಕೆಲ್ಲ ಮೂಲ ಸಂಸ್ಕೃತದ ‘ದಮನಕ’. ಕುಮಾರ ಕುವರನಾದ ಹಾಗೆ ಇಲ್ಲಿಯೂ ಮಕಾರ ವಕಾರವಾಗಿದೆ. ‘ದಮ್’ ಎಂದರೆ ಅಡಗಿಸು, ಹತೋಟಿಗೆ ತರು. ಶಿವನ ಕೋಪದಿಂದ ಹುಟ್ಟಿದ ಭೈರವ ದೇವತೆಗಳನ್ನೇ ದಮನ ಮಾಡಿದನಂತೆ, ಆಗ ಶಿವ ಅವನಿಗೆ ಗಿಡವಾಗು ಎಂದನಂತೆ. ಇದು ಅಗ್ನಿಪುರಾಣದ ಕತೆ. ಚೈತ್ರದಲ್ಲಿ ದೇವರಿಗೆ ದವನ ಏರಿಸುವ ಪದ್ಧತಿಗೆ ಇದೇ ಹಿನ್ನೆಲೆ. ದಾವಣಗೆರೆಯನ್ನು ಮಾತ್ರ ಇದಕ್ಕೆ ಗಂಟು ಹಾಕಬೇಡಿ. ಅಲ್ಲಿರುವುದು ‘ದಾ’, ‘ಣ’. ದಾವಣಿ ಎಂದರೆ ದನ, ಕುದುರೆ ಕಟ್ಟುವ ಹಗ್ಗ.

ಸಸ್ಯಶಾಸ್ತ್ರದ ಹೆಸರು ಆರ್ಟೆಮಿಸಿಯಾ ಪ್ಯಾಲೆನ್ಸ್. ಮೊದಲ ಭಾಗ ಗ್ರೀಕರ ದೇವತೆ ಆರ್ಟೆಮಿಸ್‌ಳದು, ಎರಡನೆಯದು ಲ್ಯಾಟಿನ್‌ನಲ್ಲಿ ‘ಮಾಸಲು’. ಗುರುತು ಹಿಡಿಯಲು ಈ ಮಾಸಲು ಬಣ್ಣವೇ ಸಾಕು. ಎಲೆ ಸಣ್ಣಗೆ ಸೀಳಿರುತ್ತದೆ, ಮೇಲೆ ಬೂದಿ ಎರಚಿದಂಥ ನವಿರು. ಉಜ್ಜಿದರೆ ಮಾಗಿದ ಹಣ್ಣಿನ ಸಿಹಿವಾಸನೆ. ಮರುಗದ ಎಲೆಗೆ ಸೀಳಿಲ್ಲ, ಪುಟ್ಟದಾಗಿ ದುಂಡಗಿರುತ್ತದೆ.

ದವನದ ಹುಣ್ಣಿಮೆಗೆ, ಅಂದರೆ ಚೈತ್ರ ಪೌರ್ಣಮಿಗೆ, ಮನೆಯದೇ ದವನ ಬೇಕಿದ್ದರೆ ನಾಲ್ಕು ತಿಂಗಳು ಮೊದಲೇ ಬಿತ್ತಿ. ಬಿತ್ತನೆಯಿಂದ ಕೊಯ್ಲಿಗೆ 110–115 ದಿನ ಹಿಡಿಯುತ್ತದೆ. ಬೀಜ ಆ ವರ್ಷದ್ದೇ ಆಗಿರಲಿ, ಹಳೆಯದು ಮೊಳೆಯುವುದಿಲ್ಲ. ಬಟ್ಟೆಯಲ್ಲಿ ಗಂಟು ಕಟ್ಟಿ 48 ಗಂಟೆ ನೆನೆಸಿ, ನಾಲ್ಕೈದು ಪಾಲು ನಯವಾದ ಮರಳಿನಲ್ಲಿ ಬೆರೆಸಿ ಪಾತಿಯ ಮೇಲೆ ಉದುರಿಸಿ. ಮರಳಿಲ್ಲದಿದ್ದರೆ ಧೂಳಿನಂಥ ಬೀಜ ಒಂದೇ ಕಡೆ ಗುಡ್ಡೆಯಾಗುತ್ತದೆ. ಮೇಲೆ ಮಣ್ಣು ದಪ್ಪ ಹಾಕಿದರೆ ಮೊಳಕೆ ಏಳುವುದೇ ಇಲ್ಲ. ತೆಳುವಾಗಿ ಮರಳು ಚೆಲ್ಲಿದರೆ ಸಾಕು.

ನೀರನ್ನು ಸಣ್ಣ ತೂತಿನ ಝಾರಿಯಿಂದ ಚಿಮುಕಿಸಿ. ಪಾತಿಯಲ್ಲಿ ನೀರು ನಿಂತರೆ ಸಸಿಯ ಬುಡ ಕೊಳೆತು, ರಾತ್ರಿ ನೆಟ್ಟಗಿದ್ದದ್ದು ಬೆಳಿಗ್ಗೆ ಮಲಗಿರುತ್ತದೆ. ಆರು ವಾರಕ್ಕೆ ಕಿತ್ತು, ಸಾಲಿನಿಂದ ಸಾಲಿಗೆ 15 ಸೆಂ.ಮೀ., ಗಿಡದಿಂದ ಗಿಡಕ್ಕೆ 7.5 ಸೆಂ.ಮೀ. ಬಿಟ್ಟು ನಾಟಿ ಮಾಡಿ. ಕೆಂಪು ಮಣ್ಣು, ಒಳ್ಳೆಯ ಬಿಸಿಲು ಇದ್ದರೆ ಹೆಚ್ಚೇನೂ ಕೇಳದ ಗಿಡ ಇದು.

ಹಳದಿ ಮೊಗ್ಗುಗಳಲ್ಲಿ ಹೆಚ್ಚಿನವು ಬಿರಿದಾಗ ಎಣ್ಣೆಯಂಶ ತುಂಬಿರುತ್ತದೆ; ಕೊಯ್ಲು ಆಗಲೇ. ಬುಡದಿಂದ ಸ್ವಲ್ಪ ಮೇಲೆ ಕೊಯ್ದರೆ ಕೂಳೆ ಮತ್ತೆ ಚಿಗುರುತ್ತದೆ. ಮಾಲೆಗೆ ಹಸಿಯೇ ಚೆಂದ. ಪೆಟ್ಟಿಗೆಯ ಸೀರೆಗಳ ನಡುವೆ ಇಡುವುದಾದರೆ ನೆರಳಲ್ಲಿ ಪೂರ್ತಿ ಒಣಗಿಸಿ. ತೇವ ಉಳಿದರೆ ಬೂಷ್ಟು ಸೀರೆಗೂ ಹಿಡಿಯುತ್ತದೆ.