ಜೂಮ್ ಬೈನಾಕ್ಯುಲರ್ ನೋಟದ ಅಗಲ: ಗೋಡೆಗೆ ಟೇಪ್ ಅಂಟಿಸಿ ಅಳೆದೆ

ಜೂಮ್ ಬೈನಾಕ್ಯುಲರ್ ದಂಡ ಎಂದು ಹಕ್ಕಿ ನೋಡುವ ಗೆಳೆಯರೆಲ್ಲ ಹೇಳಿದ್ದರು. ಆದರೂ 8-24×50 ಕೊಂಡೆ, ಅಂದರೆ 8ರಿಂದ 24 ಪಟ್ಟು ಹಿಗ್ಗಿಸುವ, ಮುಂದಿನ ಲೆನ್ಸ್ 50 ಮಿ.ಮೀ. ಅಗಲದ್ದು. ಮೊದಲ ತಿಂಗಳು ಅವರ ಮಾತೇ ನಿಜ ಅನ್ನಿಸಿತು. 24ರಲ್ಲಿ ಇಟ್ಟು ಹುಡುಕಿದರೆ ಹಕ್ಕಿಯೇ ಸಿಗುತ್ತಿರಲಿಲ್ಲ. 8ಕ್ಕೆ ಇಳಿಸಿದರೆ ಕೊಳವೆಯೊಳಗಿಂದ ನೋಡಿದ ಹಾಗೆ, ಸುತ್ತ ಬರೀ ಕಪ್ಪು. ಕೆಟ್ಟಿದೆ ಅಂದುಕೊಂಡು ರಿಪೇರಿಗೆ ಕೊಟ್ಟೆ. ಏನೂ ಕೆಟ್ಟಿರಲಿಲ್ಲ, ದುಡ್ಡು ಸುಮ್ನೆ ಹೋಯಿತು. ಮಾರಲು ಹೋದರೆ ಕಾಲು ಬೆಲೆಗೂ ಕೇಳುವವರಿಲ್ಲ.

ಕೊನೆಗೆ ಅಳೆದೇ ನೋಡೋಣ ಎಂದು ಗೋಡೆಗೆ ಟೇಪ್ ಅಡ್ಡ ಅಂಟಿಸಿದೆ. 5 ಮೀಟರ್‌ನಿಂದ ನೋಡಿದರೆ ಫೋಕಸ್ಸೇ ಆಗಲಿಲ್ಲ. ಕೈಯಲ್ಲಿ ಹಿಡಿದರೆ ಅಂಕಿಗಳು ಕುಣಿಯುತ್ತವೆ. 20 ಮೀಟರ್ ದೂರದಲ್ಲಿ ಟ್ರೈಪಾಡ್ ಹಾಕಿದ ಮೇಲೆ ಲೆಕ್ಕ ಸಿಕ್ಕಿತು. 8ರಲ್ಲಿ ಸುಮಾರು 160 ಸೆಂ.ಮೀ., 24ರಲ್ಲಿ 80ರ ಆಸುಪಾಸು. ಅಂದರೆ 4.6 ಮತ್ತು 2.3 ಡಿಗ್ರಿ. ಮೈಮೇಲೆ ಅಚ್ಚಾಗಿದ್ದದ್ದು 4.6 ಒಂದೇ!

ಮಜಾ ಇರುವುದು ಇಲ್ಲೇ. ಜೂಮ್ ಮೂರು ಪಟ್ಟಾದರೂ ಅಗಲ ಅರ್ಧ ಮಾತ್ರ ಆಯಿತು. ಹಿಗ್ಗುವ ಪಟ್ಟನ್ನು ಡಿಗ್ರಿಯಿಂದ ಗುಣಿಸಿದರೆ ಕಣ್ಣಿಗೆ ಕಾಣುವ ಅಗಲ ಸುಮಾರಾಗಿ ಸಿಗುತ್ತದೆ: 8×4.6 ಅಂದರೆ 37 ಡಿಗ್ರಿ. 24ರಲ್ಲಿ ಅದೇ 55. ಸಾಮಾನ್ಯ 8×42ರಲ್ಲಿ 60ರ ಹತ್ತಿರ ಇರುತ್ತದೆ. 8ರಲ್ಲಿ ಕೊಳವೆ ಅನ್ನಿಸಿದ್ದು ಇದಕ್ಕೇ ಅಲ್ವಾ?

ಟೇಪ್ ಲೆಕ್ಕ ನಂಬಲ್ಲ ಎಂದ ಒಬ್ಬ ಗೆಳೆಯ. ಸರಿ, ಓರಿಯನ್ ಸೊಂಟಪಟ್ಟಿಯ ಮಿಂಟಾಕ ನಕ್ಷತ್ರಕ್ಕೆ ತಿರುಗಿಸಿದೆ. ಭೂಮಿ ತಿರುಗುವುದರಿಂದ ಅದು ಒಂದು ಡಿಗ್ರಿ ಸರಿಯಲು 4 ನಿಮಿಷ ಬೇಕು, ಹಾಗಾಗಿ ನೋಟ ದಾಟುವ ಹೊತ್ತಿನಿಂದ ಅಗಲ ಗೊತ್ತಾಗುತ್ತದೆ. ಮೊದಲ ರಾತ್ರಿ ನಟ್ಟನಡುವೆ ಹಾಯದೆ 15 ನಿಮಿಷಕ್ಕೇ ಹೊರಗೆ ಹೋಯಿತು, ಶ್ರಮ ವ್ಯರ್ಥ. ಎರಡನೇ ರಾತ್ರಿ 8ರಲ್ಲಿ 18 ನಿಮಿಷದ ಮೇಲೆ ಸ್ವಲ್ಪ, 24ರಲ್ಲಿ 9ರ ಮೇಲೆ ಸ್ವಲ್ಪ. ಟೇಪ್ ಹೇಳಿದ್ದೂ ಅದೇ!

ಕನ್ನಡಕ ಹಾಕಿಕೊಂಡೂ ಅಳೆದೆ. 24ರಲ್ಲಿ 80 ಇದ್ದದ್ದು 65ಕ್ಕೆ ಇಳಿಯಿತು. ಕಣ್ಣಿಡುವ ಕಡೆಯ ರಬ್ಬರ್ ಕಪ್ ಮಡಚಿದರೆ ಕಳೆದ ಅಗಲದಲ್ಲಿ ಹೆಚ್ಚಿನದು ವಾಪಸ್ ಬರುತ್ತದೆ.

ಈಗ ಹಕ್ಕಿಯನ್ನು 8ರಲ್ಲಿ ಹಿಡಿದು ನಡುವಿಗೆ ತಂದು 12ಕ್ಕೆ ಏರಿಸುತ್ತೇನೆ. 16ರ ಮೇಲೆ ಟ್ರೈಪಾಡ್ ಬೇಕೇ ಬೇಕು. ಮುಸ್ಸಂಜೆಯಲ್ಲಿ 24 ಮುಟ್ಟುವುದೇ ಇಲ್ಲ, ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ 2 ಮಿ.ಮೀ. ಅಷ್ಟೇ. ಕತ್ತಲಲ್ಲೂ ಜೂಮ್ ಲಿವರ್ ಸರಿಯಾಗಿ 12ಕ್ಕೇ ನಿಲ್ಲುವ ಹಾಗೆ ಒಂದು ಉಪಾಯ ಮಾಡಿಕೊಂಡಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನಂಬಲ್ಲ ಎಂದಿದ್ದ ಗೆಳೆಯ ಹೋದ ವಾರ ತನ್ನ ಬೈನಾಕ್ಯುಲರ್ ತಂದು ನನ್ನ ಗೋಡೆಯ ಮುಂದೆ ನಿಂತಿದ್ದ.