ಮುಂಜಾನೆ ಲಾರಿ ಎಂಜಿನ್ ಬಡಿಯುತ್ತಿದೆಯೇ? ಬಿಚ್ಚುವ ಮೊದಲು ಹೀಗೆ ಪತ್ತೆ ಮಾಡಿ

ಡಿಸೆಂಬರ್ ಬಂತೆಂದರೆ ಬೀದರ್, ಹಾಸನ, ಚಿಕ್ಕಮಗಳೂರು ಕಡೆಯ ಹಳೇ ಲಾರಿಗಳು ಬೆಳಗಿನ ಮೊದಲ ಸೆಲ್ಫ್‌ಗೆ ಕಟಕಟ ಬಡಿದುಕೊಳ್ಳುತ್ತವೆ. ಮಾಲೀಕರು ಗಾಬರಿಯಿಂದ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗುತ್ತಾರೆ. ಅಷ್ಟರಲ್ಲಿ ಎಂಜಿನ್ ಬಿಸಿಯಾಗಿ ಸದ್ದು ಅಡಗಿರುತ್ತದೆ. ತಾನು ಕೇಳಿಯೇ ಇರದ ಸದ್ದಿಗೆ ಮೆಕ್ಯಾನಿಕ್ ಡೀಸೆಲ್ ಪಂಪ್ ಬಿಚ್ಚುತ್ತಾನೆ, ಇಲ್ಲವೇ ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಇಳಿಸುತ್ತಾನೆ. ಬಿಲ್ ಕಟ್ಟಿ ಮನೆಗೆ ಬಂದರೆ ಮಾರನೆಯ ಬೆಳಗ್ಗೆ ಮತ್ತದೇ ಕಟಕಟ. ಬಡಪಾಯಿ ಮಾಲೀಕರ ದುಡ್ಡು ಹೀಗೆ ಹಾಳಾಗುವುದನ್ನು ಸಾಕಷ್ಟು ನೋಡಿದ್ದೇನೆ. ಆದ್ದರಿಂದ ಮೊದಲ ಮಾತು: ಗಾಡಿ ರಾತ್ರಿ ನಿಂತ ಜಾಗಕ್ಕೇ ಮೆಕ್ಯಾನಿಕ್ ಬರಬೇಕು, ಅದೂ ಸೆಲ್ಫ್ ಹೊಡೆಯುವ ಮೊದಲೇ.

ಇಲ್ಲಿ ಹೇಳುವುದು ಟಾಟಾ 697ರಂಥ, ಇನ್‌ಲೈನ್ ಪಂಪ್ (ಪ್ರತಿ ಸಿಲಿಂಡರಿಗೂ ಬೇರೆ ಪೈಪಿನಲ್ಲಿ ಡೀಸೆಲ್ ತಳ್ಳುವ ಪಂಪ್) ಮತ್ತು ಮೆಕ್ಯಾನಿಕಲ್ ನಾಜಲ್ (ಡೀಸೆಲನ್ನು ಸಿಲಿಂಡರಿನೊಳಗೆ ಚಿಮ್ಮಿಸುವ ಭಾಗ) ಇರುವ ಆರು ಸಿಲಿಂಡರಿನ ಹಳೇ ಎಂಜಿನ್‌ಗಳಿಗೆ ಮಾತ್ರ. ಎಲ್ಲ ನಾಜಲ್‌ಗಳಿಗೂ ಭಾರೀ ಒತ್ತಡದ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್‌ನಲ್ಲಿ ಮುಂದೆ ಹೇಳುವ, ಡೀಸೆಲ್ ಪೈಪಿನ ನಟ್ ಸಡಿಲಿಸುವ ಪರೀಕ್ಷೆ ಮಾಡಲೇಬೇಡಿ. ಅಲ್ಲಿನ ಒತ್ತಡ 1000 ಬಾರ್ ಮೀರಬಹುದು, ಪ್ರಾಣಕ್ಕೇ ಅಪಾಯ.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಒತ್ತಡಕ್ಕೆ ಕಾದ ಗಾಳಿಯೇ ಡೀಸೆಲನ್ನು ಹೊತ್ತಿಸಬೇಕು. ಸಿಲಿಂಡರ್ ತಣ್ಣಗಿದ್ದರೆ ಹೊತ್ತುವುದು ತಡವಾಗುತ್ತದೆ. ಆ ತಡದಲ್ಲಿ ಚಿಮ್ಮಿ ಸೇರಿದ ಡೀಸೆಲ್ಲೆಲ್ಲ ಒಮ್ಮೆಲೇ ಉರಿದಾಗ ಬಡಿತ ಕೇಳುತ್ತದೆ. ಆರೂ ಸಿಲಿಂಡರಿನಿಂದ ಸಮನಾಗಿ ಬಂದು, ಸ್ವಲ್ಪ ಹೊತ್ತಿನಲ್ಲೇ ಕರಗುವ ಸದ್ದಿಗೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ. ಒಂದೇ ಕಡೆಯಿಂದ ಬರುವ ಬಡಿತವನ್ನು ಹುಡುಕಬೇಕು.

ಹಿಂದಿನ ರಾತ್ರಿಯೇ ಆಯಿಲ್ ಮಟ್ಟ, ಬ್ಯಾಟರಿ ಟರ್ಮಿನಲ್, ಏರ್ ಕ್ಲೀನರ್, ಡೀಸೆಲ್ ಫಿಲ್ಟರ್ ನೋಡಿಕೊಳ್ಳಿ. ಸೆಲ್ಫ್ ನಿಧಾನವಾಗಿ ತಿರುಗಿದರೆ ಗಾಳಿ ಸಾಕಷ್ಟು ಕಾಯುವುದಿಲ್ಲ, ಬಡಿತ ಹೆಚ್ಚುತ್ತದೆ. ಎಷ್ಟೋ ಸಲ ಬ್ಯಾಟರಿ ಬದಲಿಸಿದರೆ ಕಥೆ ಅಲ್ಲಿಗೇ ಮುಗಿಯುತ್ತದೆ.

ಬೆಳಗ್ಗೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಮೊದಲ ಎರಡು ಮೂರು ಸೆಕೆಂಡ್ ಮಾತ್ರ ಗಡಗಡ ಎಂದು ಆಯಿಲ್ ಪ್ರೆಶರ್ ಏರುತ್ತಿದ್ದಂತೆ ನಿಂತರೆ, ಆಯಿಲ್ ಮೇಲೇರುವುದು ತಡವಾಗುತ್ತಿದೆ ಎಂದರ್ಥ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ನಕಲಿ ಆಯಿಲ್ ಫಿಲ್ಟರ್ ಇದಕ್ಕೆ ದೊಡ್ಡ ಕಾರಣ. ಚಳಿ ಊರಿನಲ್ಲಿ ತಣ್ಣಗಿದ್ದಾಗಲೂ ಬೇಗ ಹರಿಯುವ 15ಡಬ್ಲ್ಯು-40 ದರ್ಜೆಯ ಆಯಿಲ್ ಹಾಕಿ; ದಪ್ಪ ಆಯಿಲ್ ಹಾಕಿದರೆ ಎಂಜಿನ್ ಗಟ್ಟಿ ಎಂಬ ನಂಬಿಕೆಯನ್ನು ಬಿಡಿ.

ಸದ್ದು ಮುಂದುವರಿದರೆ ಮುಖ್ಯ ಪರೀಕ್ಷೆ. ಹೆಚ್ಚಿನವರು ಎಡವುವುದು ಇಲ್ಲೇ. ನಾಜಲ್‌ಗೆ ಬರುವ ಪೈಪುಗಳ ನಟ್ಟುಗಳನ್ನು ಸ್ಟಾರ್ಟ್ ಮಾಡುವ ಮೊದಲೇ ಬ್ರಷ್ ಮತ್ತು ಡೀಸೆಲ್‌ನಿಂದ ತೊಳೆದಿರಬೇಕು. ಒಂದು ಮರಳಿನ ಕಣ ಒಳಹೋದರೂ ನಾಜಲ್ ಹಾಳು. ಕನ್ನಡಕ, ಕೈಗವಸು ಕಡ್ಡಾಯ. ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ, ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಒಬ್ಬರು ಕ್ಯಾಬಿನ್‌ನಲ್ಲಿ ಎಂಜಿನ್ ಆಫ್ ಮಾಡುವ ಸ್ಟಾಪ್ ಕೇಬಲ್ ಹಿಡಿದು ಕೂತಿರಲಿ. ಎಂಜಿನ್ ಸ್ಲೋನಲ್ಲಿ ಓಡುತ್ತಿರುವಾಗ ಒಂದನೇ ಸಿಲಿಂಡರಿನ ನಟ್ಟಿನ ಮೇಲೆ ದಪ್ಪ ಬಟ್ಟೆ ಸುತ್ತಿ, ನಾಜಲ್ ಕಡೆಯ ತುದಿಯನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿ. ಆ ಸಿಲಿಂಡರಿಗೆ ಡೀಸೆಲ್ ನಿಲ್ಲುತ್ತದೆ. ಕೆಲವು ಸೆಕೆಂಡ್ ಕಿವಿಗೊಟ್ಟು ಕೇಳಿ, ಬಿಗಿ ಮಾಡಿ, ಎಂಜಿನ್ ಸಮಕ್ಕೆ ಬಂದ ಮೇಲೆ ಮುಂದಿನದಕ್ಕೆ ಹೋಗಿ. ಪ್ರತಿಯೊಂದರ ಫಲವನ್ನೂ ಆಗಲೇ ಬರೆದಿಡಿ, ನೆನಪನ್ನು ನಂಬಬೇಡಿ. ಆರೂ ಮುಗಿಯುವ ಮೊದಲೇ ಸದ್ದು ಅಡಗಿದರೆ ನಿಲ್ಲಿಸಿ, ಉಳಿದದ್ದನ್ನು ಮರುದಿನ ಬೆಳಗ್ಗೆ ಮಾಡಿ. ಎರಡು ಗಂಟೆ ಬಿಟ್ಟು ನೋಡಿದರೆ ಪ್ರಯೋಜನವಿಲ್ಲ, ಬ್ಲಾಕ್ ಇನ್ನೂ ಬೆಚ್ಚಗೇ ಇರುತ್ತದೆ.

ನಟ್ ಸಡಿಲಿಸಿದಾಗ ಎಂಜಿನ್ ವೇಗ ಕುಗ್ಗಿ, ಬಡಿತವೂ ನಿಂತರೆ ತೊಂದರೆ ಆ ಸಿಲಿಂಡರಿನದು. ಎಂಜಿನ್ ಕುಗ್ಗಿತು, ಬಡಿತ ಮಾತ್ರ ಹಾಗೇ ಇದೆ ಎಂದರೆ ಆ ಸಿಲಿಂಡರನ್ನು ಬಿಟ್ಟುಬಿಡಿ. ಆರರಲ್ಲಿಯೂ ಹಾಗೇ ಆದರೆ ಟ್ಯಾಪೆಟ್ (ವಾಲ್ವ್ ತೆರೆಸುವ ಭಾಗ), ಟೈಮಿಂಗ್ ಗೇರ್ (ವಾಲ್ವ್, ಪಂಪ್‌ಗಳನ್ನು ಸರಿಯಾದ ಹೊತ್ತಿಗೆ ನಡೆಸುವ ಹಲ್ಲುಚಕ್ರ) ಕಡೆ ನೋಡಿ. ಎಂಜಿನ್ ಕುಗ್ಗಲೇ ಇಲ್ಲವೆಂದರೆ ಆ ಸಿಲಿಂಡರ್ ಮೊದಲೇ ಸರಿಯಾಗಿ ಉರಿಯುತ್ತಿಲ್ಲ. ಪಕ್ಕಪಕ್ಕದ ಎರಡು ಹೀಗಾದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಮೇಲೆ ಅನುಮಾನ ಪಡಿ.

ಸಿಲಿಂಡರ್ ಸಿಕ್ಕ ಕೂಡಲೇ ಹೆಡ್‌ಗೆ ಕೈ ಹಾಕುವ ಆತುರ ಬೇಡ. ಅದರ ನಾಜಲನ್ನು ಸರಿಯಿರುವ ಸಿಲಿಂಡರಿನ ನಾಜಲ್‌ನೊಂದಿಗೆ ಅದಲು ಬದಲು ಮಾಡಿ, ಮರುದಿನ ಬೆಳಗ್ಗೆ ಮತ್ತೆ ಅದೇ ಪರೀಕ್ಷೆ. ಬಡಿತ ನಾಜಲ್ ಹಿಂದೆಯೇ ಹೋದರೆ ನಾಜಲ್ ಸೋರುತ್ತಿದೆ, ಇಲ್ಲವೇ ಒತ್ತಡ ತಪ್ಪಿದೆ. ಇಂಥ ನಾಜಲ್‌ಗಳು ಸಾಮಾನ್ಯವಾಗಿ 200 ಬಾರ್ ಆಸುಪಾಸಿನಲ್ಲಿ ತೆರೆಯಬೇಕು. ನಿಮ್ಮ ಎಂಜಿನ್ನಿನ ಅಂಕಿಯನ್ನು ಮ್ಯಾನ್ಯುವಲ್ ನೋಡಿಯೇ ಹೊಂದಿಸಿ. ಬಡಿತ ಹಳೇ ಜಾಗದಲ್ಲೇ ಉಳಿದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಗಾಳಿಯ ಒತ್ತಡ, ಅಳೆಸಿ. ಪೊಳ್ಳು ಸದ್ದು ಬಂದು, ಬಿಸಿಯಾದಂತೆ ಹೋಗುವುದಾದರೆ ಸವೆದ ಲೈನರಿನಲ್ಲಿ (ಸಿಲಿಂಡರಿನ ಒಳಗೋಡೆಯಲ್ಲಿ) ಪಿಸ್ಟನ್ ಬಡಿಯುತ್ತಿರಬಹುದು. ಆಯಿಲ್ ಕುಡಿಯದಿದ್ದರೆ ಅಂಥ ಎಂಜಿನ್ ಇನ್ನೂ ಬಹಳ ದಿನ ದುಡಿಯುತ್ತದೆ.

ನಾಜಲ್ ಕೆಟ್ಟಿದ್ದರೆ ಆರನ್ನೂ ಟೆಸ್ಟ್ ಬೆಂಚಿಗೆ ಹಾಕಿಸಿ, ಒಂದನ್ನೇ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಕೂರಿಸುವಾಗ ತಾಮ್ರದ ವಾಷರ್ ಹೊಸದೇ ಇರಲಿ.

ಆರೂ ಸಿಲಿಂಡರ್ ಜೋರಾಗಿ ಬಡಿದು, ಬಿಸಿಯಾದ ಮೇಲೂ ಸದ್ದು ಉಳಿದರೆ ಟೈಮಿಂಗ್, ಅಂದರೆ ಡೀಸೆಲ್ ಚಿಮ್ಮುವ ಹೊತ್ತು, ನೋಡಿ. ಪಿಕಪ್ ಆಸೆಗೆ ಯಾರೋ ಪಂಪನ್ನು ಬೇಗ ಚಿಮ್ಮುವಂತೆ ಅಡ್ವಾನ್ಸ್ ಮಾಡಿಟ್ಟಿರುತ್ತಾರೆ. ಇನ್ನು ಏರ್ ಕ್ಲೀನರ್ ಬಾಯಿಗೆ ಉರಿಯುವ ಬಟ್ಟೆ ಹಿಡಿಯುವುದು, ಈಥರ್ ಸ್ಪ್ರೇ ಹೊಡೆಯುವುದು, ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸುವುದು ಮೂರನ್ನೂ ದಯವಿಟ್ಟು ನಿಲ್ಲಿಸಿ. ಮೊದಲನೆಯದು ಗಾಡಿಗೇ ಬೆಂಕಿ ಹಚ್ಚೀತು, ಎರಡನೆಯದು ಪಿಸ್ಟನ್ ರಿಂಗ್ ಮುರಿದೀತು, ಮೂರನೆಯದು ಪಂಪನ್ನು ಸವೆಸುತ್ತದೆ.

ಒಂದು ಸದ್ದಿಗೆ ಮಾತ್ರ ಕಾಯಬಾರದು. ದಪ್ಪನೆಯ ಧಡ್ ಧಡ್ ಬಡಿತ ಎಂಜಿನ್ ಬಿಸಿಯಾದಂತೆ ಹೆಚ್ಚುತ್ತಿದ್ದು, ಆಯಿಲ್ ಪ್ರೆಶರ್ ಮುಳ್ಳು ಕೆಳಗಿಳಿಯುತ್ತಿದ್ದರೆ ಅದು ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯ ಬಿಗ್ ಎಂಡ್ ಬೇರಿಂಗ್. ಆ ಕ್ಷಣವೇ ಆಫ್ ಮಾಡಿ, ಲೋಡ್ ಬೇರೆ ಗಾಡಿಗೆ ಬದಲಿಸಿ, ಎಂಜಿನ್ ಅಡಿಯ ಆಯಿಲ್ ತೊಟ್ಟಿಯನ್ನು (ಸಂಪ್) ಅಲ್ಲೇ ಬಿಚ್ಚಿಸಿ.